ಚೀಟಿಯಿಂದ ಮಾತ್ರೆಯವರೆಗೆ: ಹೊರರೋಗಿ ವಿಭಾಗದ ಗುಣಮಟ್ಟವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮ ತಾಲ್ಲೂಕಿನ ಸಾರ್ವಜನಿಕ ಆಸ್ಪತ್ರೆಗೆ ರಾಷ್ಟ್ರೀಯ ಗುಣಮಟ್ಟ ಪ್ರಮಾಣಪತ್ರ ಬಂದಿದೆ. ಬಾಗಿಲಲ್ಲೇ ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಪಕ್ಕದಲ್ಲಿ ‘ರೋಗಿಗಳ ತೃಪ್ತಿ ಶೇ 88’ ಎಂಬ ಫಲಕವೂ ಇದೆ. ನನ್ನ ತಾಯಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಹತ್ತು ದಿನಕ್ಕೊಮ್ಮೆ ಮಾತ್ರೆಗೆಂದು ಅದೇ ಆಸ್ಪತ್ರೆಗೆ ಹೋಗುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ವಾಪಸಾಗುವುದು ಮಧ್ಯಾಹ್ನ ಒಂದೂವರೆಗೆ. ವೈದ್ಯರ ಎದುರು ಕುಳಿತಿರುವುದು ಎರಡು ನಿಮಿಷವೂ ಇಲ್ಲ. ಈಚೆಗೆ ನನ್ನನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಸದಸ್ಯೆಯಾಗಿ ತೆಗೆದುಕೊಂಡಿದ್ದಾರೆ. ಆ ಪ್ರಮಾಣಪತ್ರವನ್ನು ನಂಬಬೇಕೆ? ಶೇ 88 ಎಂಬುದು ಸುಳ್ಳೆ? ಸಮಿತಿಯ ಸಭೆಯಲ್ಲಿ ನಾನು ಏನು ಕೇಳಬೇಕು?

ಉತ್ತರ: ಪ್ರಮಾಣಪತ್ರ ನಿಜವಿರಬಹುದು, ಶೇ 88 ಕೂಡ ನಿಜವಿರಬಹುದು, ನಿಮ್ಮ ತಾಯಿಯ ಐದು ಗಂಟೆ ಹಾಳಾಗುತ್ತಿರುವುದೂ ನಿಜ. ಈ ಮೂರೂ ಒಂದೇ ಕಟ್ಟಡದೊಳಗೆ ಒಟ್ಟಿಗೆ ಇರಬಲ್ಲವು, ಏಕೆಂದರೆ ಅಳೆಯುತ್ತಿರುವುದು ಬೇರೆ ಬೇರೆ ಸಂಗತಿಗಳನ್ನು. ಆಸ್ಪತ್ರೆಗಳ ಗುಣಮಟ್ಟ ಪರಿಶೀಲನೆಯಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಸಮಿತಿಯ ಸದಸ್ಯೆಯಾಗಿ ನೀವು ಒಂದೇ ಒಂದು ಅಂಕಿಯ ಬೆನ್ನು ಹತ್ತುವುದಾದರೆ ತೃಪ್ತಿಯ ಶೇಕಡಾವಾರನ್ನು ಬಿಡಿ. ಚೀಟಿ ಮಾಡಿಸಿದ ಹೊತ್ತಿನಿಂದ ಮಾತ್ರೆ ಕೈಗೆ ಬರುವ ಹೊತ್ತಿನವರೆಗೆ ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಹಿಡಿದುಕೊಳ್ಳಿ.

ಪ್ರಮಾಣಪತ್ರದ ವಿಷಯಕ್ಕೆ ಬರೋಣ. ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ಸಾರ್ವಜನಿಕ ಆಸ್ಪತ್ರೆಗಳಿಗೆಂದು ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳನ್ನು ಜಾರಿಗೆ ತಂದಿತು. ಆಸ್ಪತ್ರೆಯ ಸಿಬ್ಬಂದಿ ಇದನ್ನು ‘ಎನ್‌ಕ್ಯೂಎಎಸ್’ ಎಂದೇ ಕರೆಯುತ್ತಾರೆ. ಸೇವೆಗಳ ಲಭ್ಯತೆ, ರೋಗಿಗಳ ಹಕ್ಕು, ಕಟ್ಟಡ-ಸಿಬ್ಬಂದಿ-ಔಷಧಗಳಂಥ ಮೂಲ ಸಂಪನ್ಮೂಲ, ಪೂರಕ ಸೇವೆ, ಚಿಕಿತ್ಸೆ, ಸೋಂಕು ನಿಯಂತ್ರಣ, ಗುಣಮಟ್ಟ ನಿರ್ವಹಣೆ, ಫಲಿತಾಂಶ ಎಂದು ಎಂಟು ಕ್ಷೇತ್ರಗಳು ಅದರಲ್ಲಿವೆ. ಪರಿಶೀಲಕರು ಪ್ರತಿ ಅಂಶಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ ಕೊಡುತ್ತಾರೆ. ಕಣ್ಣಾರೆ ನೋಡುತ್ತಾರೆ, ಸಿಬ್ಬಂದಿಯನ್ನು ಕೇಳುತ್ತಾರೆ, ದಾಖಲೆ ತೆರೆಸುತ್ತಾರೆ, ರೋಗಿಗಳನ್ನು ಮಾತನಾಡಿಸುತ್ತಾರೆ. ಹೊರರೋಗಿ ವಿಭಾಗಕ್ಕೇ ಪ್ರತ್ಯೇಕ ಪರಿಶೀಲನಾ ಪಟ್ಟಿಯಿದೆ. ಯಾವ ಕೊಠಡಿಯಲ್ಲಿ ಯಾವ ವೈದ್ಯರು ಎಂಬ ಫಲಕ ಕನ್ನಡದಲ್ಲಿದೆಯೇ, ಹೆಂಗಸರನ್ನು ಪರೀಕ್ಷಿಸುವ ಜಾಗದಲ್ಲಿ ಪರದೆ ಇದೆಯೇ, ಒಬ್ಬ ರೋಗಿ ಒಳಗಿರುವಾಗ ಇನ್ನೂ ನಾಲ್ವರು ಮೇಜಿನ ಸುತ್ತ ನಿಂತಿದ್ದಾರೆಯೇ, ಚುಚ್ಚುಮದ್ದಿನ ಕೊಠಡಿಯಲ್ಲಿ ಸೂಜಿ ಯಾವ ಡಬ್ಬಕ್ಕೆ ಬೀಳುತ್ತದೆ, ಕೈ ತೊಳೆಯಲು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂಬಂಥವನ್ನೆಲ್ಲ ನೋಡುತ್ತಾರೆ.

ಇದನ್ನು ಹಗುರವಾಗಿ ಕಾಣಬೇಡಿ. ಬಳಸಿದ ಸೂಜಿ, ಪಟ್ಟಿಬಟ್ಟೆ, ತರಕಾರಿ ಸಿಪ್ಪೆ ಎಲ್ಲ ಒಂದೇ ಬುಟ್ಟಿಯಲ್ಲಿ ಬೀಳುತ್ತಿದ್ದ ಕಾಲವನ್ನು ನಾನು ನೋಡಿದ್ದೇನೆ. ಈ ಮಾನದಂಡಗಳು, ಆಸ್ಪತ್ರೆಗಳ ಸ್ವಚ್ಛತೆಗೆಂದು 2015ರಲ್ಲಿ ಶುರುವಾದ ಕಾಯಕಲ್ಪ ಪ್ರಶಸ್ತಿ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಒಟ್ಟಾಗಿ ಬಂದ ಮೇಲೆ ಬಹಳ ಕಡೆ ಶೌಚಾಲಯಗಳು ಬಳಸುವಂತಾದವು, ಅವಧಿ ಮುಗಿದ ಔಷಧವನ್ನು ತಿಂಗಳು ತಿಂಗಳೂ ಬೇರ್ಪಡಿಸುವ ರೂಢಿ ಬಂತು. ಆದರೆ ಪ್ರಮಾಣಪತ್ರಕ್ಕೆ ಬೇಕಾದದ್ದು ಶೇ 70 ಅಂಕ. ಒಟ್ಟು ಅಂಕದಲ್ಲಷ್ಟೇ ಅಲ್ಲ, ಪ್ರತಿ ವಿಭಾಗದಲ್ಲೂ, ಎಂಟು ಕ್ಷೇತ್ರಗಳಲ್ಲಿ ಪ್ರತಿಯೊಂದರಲ್ಲೂ ಅಷ್ಟು ಬರಬೇಕು. ಅಂದರೆ ಇನ್ನೊಂದು ಶೇ 30ರಷ್ಟು ಬಾಕಿ ಇಟ್ಟುಕೊಂಡೂ ಆಸ್ಪತ್ರೆ ಪಾಸಾಗಬಹುದು. ಆ ಬಾಕಿಯಲ್ಲಿ ನಿಮ್ಮ ತಾಯಿ ಕಾಯುವ ಹೊತ್ತೂ ಸೇರಿರಬಹುದು. ಚೌಕಟ್ಟಿನೊಳಗಿನ ಹಾಳೆ ಇದನ್ನು ಹೇಳುವುದಿಲ್ಲ, ಅದರ ಹಿಂದಿರುವ ಅಂಕಪಟ್ಟಿ ಹೇಳುತ್ತದೆ. ವಿಭಾಗವಾರು ಅಂಕಪಟ್ಟಿಯನ್ನೂ, ಪರಿಶೀಲಕರು ಪಟ್ಟಿ ಮಾಡಿಕೊಟ್ಟ ಕೊರತೆಗಳನ್ನೂ ಸಭೆಯಲ್ಲಿ ಕೇಳಿ. ಪ್ರಮಾಣಪತ್ರದ ಅವಧಿ ಮೂರು ವರ್ಷ. ನಡುವೆ ರಾಜ್ಯದ ತಂಡ ವರ್ಷಕ್ಕೊಮ್ಮೆ ಬಂದು ನೋಡಬೇಕು. ಆ ವರದಿಯೂ ಇರುತ್ತದೆ.

ಇನ್ನು ಶೇ 88. ಹೊರರೋಗಿಗಳ ಅಭಿಪ್ರಾಯ ಪತ್ರದಲ್ಲಿ ಹತ್ತು-ಹನ್ನೊಂದು ಸಾಲುಗಳಿರುತ್ತವೆ. ದಾರಿ ತೋರುವ ಫಲಕಗಳು, ನೋಂದಣಿ ಕೌಂಟರಿನಲ್ಲಿ ಕಾದ ಸಮಯ, ಸಿಬ್ಬಂದಿಯ ನಡವಳಿಕೆ, ಸ್ವಚ್ಛತೆ, ವೈದ್ಯರ ಮಾತುಕತೆ, ಪರೀಕ್ಷೆಗೆ ಕೊಟ್ಟ ಸಮಯ, ಲ್ಯಾಬ್ ಸೌಲಭ್ಯ, ಬರೆದ ಔಷಧ ಆಸ್ಪತ್ರೆಯಲ್ಲೇ ಸಿಕ್ಕಿತೇ ಎಂಬಂಥವು. ಪ್ರತಿಯೊಂದಕ್ಕೂ ‘ಕಳಪೆ’ಯಿಂದ ‘ಅತ್ಯುತ್ತಮ’ದವರೆಗೆ ಐದು ಮನೆಗಳು. ಐದರಲ್ಲಿ ಸರಾಸರಿ 3.5 ಬಂದರೆ ಪ್ರಮಾಣಪತ್ರದ ಷರತ್ತು ಪೂರೈಸಿದಂತೆ. ಪತ್ರದಲ್ಲಿ ದೋಷವಿಲ್ಲ. ಅದನ್ನು ಯಾರು, ಎಲ್ಲಿ, ಯಾವಾಗ ತುಂಬಿಸುತ್ತಾರೆ ಎಂಬಲ್ಲಿ ಎಲ್ಲವೂ ನಿಂತಿದೆ. ಸಮವಸ್ತ್ರದಲ್ಲಿರುವ ನರ್ಸ್, ಔಷಧ ಕೌಂಟರಿನ ಎದುರು, ಮಾತ್ರೆ ಇನ್ನೂ ಕೈಗೆ ಬರುವ ಮುನ್ನ, ‘ಅಜ್ಜಿ, ಎಲ್ಲ ಚೆನ್ನಾಗಿತ್ತಲ್ಲವೇ?’ ಎಂದು ಕೇಳಿದರೆ ಯಾವ ಅಜ್ಜಿ ತಾನೇ ಇಲ್ಲವೆಂದಾಳು? ಒಂದು ಆಸ್ಪತ್ರೆಯಲ್ಲಿ ಇಡೀ ತಿಂಗಳಿನ ಪತ್ರಗಳ ಕಟ್ಟು ಬಿಚ್ಚಿದಾಗ ಎಲ್ಲದರಲ್ಲೂ ಒಂದೇ ಶಾಯಿ, ಒಂದೇ ಓರೆಯ ಗುರುತು, ಒಂದೇ ಕಾಲಂ ಇತ್ತು. ಹೆಬ್ಬೆಟ್ಟು ಮಾತ್ರ ಬೇರೆ ಬೇರೆ. ಅಲ್ಲಿನ ನರ್ಸ್ ಮೋಸಗಾರ್ತಿಯಾಗಿರಲಿಲ್ಲ. ಇಪ್ಪತ್ತು ರಿಜಿಸ್ಟರುಗಳ ನಡುವೆ ಅದು ಇಪ್ಪತ್ತೊಂದನೆಯದಾಗಿತ್ತು, ಅಷ್ಟೆ.

ಕೇಂದ್ರ ಸರ್ಕಾರ 2016ರಲ್ಲಿ ‘ಮೇರಾ ಅಸ್ಪತಾಲ್’ ಎಂಬ ವ್ಯವಸ್ಥೆಯನ್ನು ತಂದದ್ದು ಇದೇ ಕಾರಣಕ್ಕೆ. ನೋಂದಣಿಯಲ್ಲಿ ಕೊಟ್ಟ ಮೊಬೈಲ್ ಸಂಖ್ಯೆಗೆ ಸಂದೇಶವೋ ಕರೆಯೋ ಹೋಗುತ್ತದೆ, ರೋಗಿ ಮನೆಯಿಂದಲೇ ಉತ್ತರಿಸಬಹುದು. ಆಸ್ಪತ್ರೆಯ ಗೋಡೆಯ ಹೊರಗೆ ಕೇಳುವುದು ಒಳ್ಳೆಯ ಕ್ರಮ. ಆದರೆ ನಿಮ್ಮ ತಾಯಿಯ ಚೀಟಿಯ ಮೇಲೆ ಯಾರ ಸಂಖ್ಯೆ ಇದೆ ಎಂದು ಒಮ್ಮೆ ನೋಡಿ. ಹಳ್ಳಿಯಿಂದ ಬರುವ ವಯಸ್ಸಾದ ಹೆಂಗಸರ ಚೀಟಿಯಲ್ಲಿ ಎಷ್ಟೋ ಸಲ ಬೆಂಗಳೂರಿನಲ್ಲಿರುವ ಮಗನ ಸಂಖ್ಯೆ ಇರುತ್ತದೆ. ಸಾಲಿನಲ್ಲಿ ನಿಂತವರು ಒಬ್ಬರು, ಉತ್ತರ ಕೊಡುವವರು ಇನ್ನೊಬ್ಬರು.

ಪ್ರಾಮಾಣಿಕವಾಗಿ ಕೇಳಿದರೂ ಸಾರ್ವಜನಿಕ ಆಸ್ಪತ್ರೆಗಳಲ್ಲಿ ತೃಪ್ತಿಯ ಅಂಕ ಎತ್ತರಕ್ಕೇ ಬರುತ್ತದೆ. ತೃಪ್ತಿ ಎಂಬುದು ಸಿಕ್ಕಿದ್ದರಷ್ಟೇ ನಿರೀಕ್ಷೆಯ ಮೇಲೂ ನಿಂತಿದೆ. ದುಡ್ಡು ಕೇಳಲಿಲ್ಲ, ಗದರಲಿಲ್ಲ, ಡಾಕ್ಟರು ಹೆಸರು ಹಿಡಿದು ಕರೆದರು ಎಂದರೆ ನಾಲ್ಕು ಗಂಟೆ ಕಾದದ್ದನ್ನು ನಮ್ಮ ಜನ ಮರೆತುಬಿಡುತ್ತಾರೆ. ಹಾಗೆಂದು ತೃಪ್ತಿಯನ್ನು ಲೆಕ್ಕಕ್ಕೇ ಇಡಬಾರದು ಎಂದು ನಾನು ಹೇಳುವುದಿಲ್ಲ. ಮರ್ಯಾದೆಯಿಂದ ನಡೆಸಿಕೊಂಡರೇ ಎಂಬ ಪ್ರಶ್ನೆಗೆ ರೋಗಿಯಷ್ಟು ಖಚಿತವಾಗಿ ಉತ್ತರಿಸಬಲ್ಲವರು ಬೇರೆ ಯಾರೂ ಇಲ್ಲ. ಬೈಸಿಕೊಂಡ ರೋಗಿ ಮತ್ತೆ ಬರುವುದಿಲ್ಲ, ಕ್ಷಯದ ಮಾತ್ರೆಯನ್ನು ನಡುವೆಯೇ ಬಿಡುತ್ತಾರೆ. ಆದರೆ ಚಿಕಿತ್ಸೆ ಸರಿಯಾಗಿತ್ತೇ ಎಂಬ ಪ್ರಶ್ನೆಗೆ ತೃಪ್ತಿ ಸಾಕ್ಷಿಯಾಗಲಾರದು. ವೈರಲ್ ಜ್ವರಕ್ಕೆ ಚುಚ್ಚುಮದ್ದು ಹಾಕಿ ಒಂದು ಬಾಟಲಿ ಗ್ಲೂಕೋಸ್ ಏರಿಸಿದ ವೈದ್ಯರ ಮೇಲೆ ಊರಿಗೆಲ್ಲ ಪ್ರೀತಿ. ನೀರು ಚೆನ್ನಾಗಿ ಕುಡಿಯಿರಿ, ಪ್ಯಾರಾಸಿಟಮಾಲ್ ಸಾಕು ಎಂದವರ ಮೇಲೆ ಮುನಿಸು. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಅತ್ಯಂತ ತೃಪ್ತರಾಗಿದ್ದ ರೋಗಿಗಳೇ ಹೆಚ್ಚು ಔಷಧ ವೆಚ್ಚ ಮಾಡಿದ್ದರು, ಅವರಲ್ಲಿ ಸಾವಿನ ಪ್ರಮಾಣವೂ ಹೆಚ್ಚಿತ್ತು. ತೃಪ್ತಿಯೇ ಸಾವಿಗೆ ಕಾರಣ ಎಂದು ಅದರ ಅರ್ಥವಲ್ಲ, ತೃಪ್ತಿಯನ್ನು ಚಿಕಿತ್ಸೆಯ ಗುಣಮಟ್ಟದ ಬದಲಿಗೆ ಇಟ್ಟುಕೊಳ್ಳಲಾಗದು ಎಂದಷ್ಟೇ ಅರ್ಥ. ಅದೇ ವರ್ಷ ನಮ್ಮ ದೇಶದ ಒಂದು ಅಧ್ಯಯನವೂ ಬಂತು. ದೆಹಲಿ ನಗರದಲ್ಲಿ ಮತ್ತು ಮಧ್ಯಪ್ರದೇಶದ ಹಳ್ಳಿಗಳಲ್ಲಿ, ತರಬೇತಿ ಪಡೆದ ಸ್ಥಳೀಯರನ್ನು ರೋಗಿಗಳಂತೆ ಕಳುಹಿಸಿ ನೋಡಿದರು. ಮಧ್ಯಪ್ರದೇಶದ ಹಳ್ಳಿಗಳಲ್ಲಿ ಚಿಕಿತ್ಸೆ ಕೊಡುತ್ತಿದ್ದವರು, ಅವರಲ್ಲಿ ಬಹುಪಾಲು ಪದವಿಯಿಲ್ಲದವರು, ಕೇಳಲೇಬೇಕಾದ ಪ್ರಶ್ನೆ ಮತ್ತು ಮಾಡಲೇಬೇಕಾದ ತಪಾಸಣೆಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ಮಾಡಿದ್ದರು. ಏನು ಕೇಳಬೇಕಿತ್ತು ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಏನನ್ನು ಕೇಳಲಿಲ್ಲ ಎಂಬುದು ಕಂಡಿತು. ಸಾಮಾನ್ಯ ರೋಗಿಗೆ ಅದು ಕಾಣುವ ದಾರಿಯೇ ಇಲ್ಲ.

ಈಗ ನಾನು ಮೊದಲು ಹೇಳಿದ ಅಂಕಿಗೆ ಬರುತ್ತೇನೆ. ಎನ್‌ಕ್ಯೂಎಎಸ್ ಅಡಿಯಲ್ಲಿ ಆಸ್ಪತ್ರೆ ತಿಂಗಳು ತಿಂಗಳೂ ದಾಖಲಿಸಬೇಕಾದ ಪ್ರಮುಖ ಸೂಚ್ಯಂಕಗಳ ಪಟ್ಟಿಯೊಂದಿದೆ. ವೈದ್ಯರು ಒಬ್ಬ ಹೊರರೋಗಿಗೆ ಕೊಡುವ ಸಮಯ ಅದರಲ್ಲಿದೆ, ಒಬ್ಬ ವೈದ್ಯರಿಗೆ ಎಷ್ಟು ಹೊರರೋಗಿಗಳು ಎಂಬುದಿದೆ, ‘ನೋಂದಣಿಯಿಂದ ಔಷಧದವರೆಗಿನ ಸಮಯ’ವೂ ಇದೆ. ನಿಮ್ಮ ಆಸ್ಪತ್ರೆ ಇದನ್ನು ಈಗಾಗಲೇ ಬರೆದು ಕಳುಹಿಸುತ್ತಿರಬೇಕು. ಕೇಳಿ ನೋಡಿ. ನಲವತ್ತು ನಿಮಿಷ ಎಂದು ಬರೆದಿದ್ದು ನಿಮ್ಮ ತಾಯಿಗೆ ಐದು ಗಂಟೆ ಹಿಡಿಯುತ್ತಿದ್ದರೆ ಚರ್ಚೆ ಅಲ್ಲಿಂದಲೇ ಶುರುವಾಗಲಿ.

ಈ ಒಂದು ಅಂಕಿಯನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅದನ್ನು ಬಿಡಿಸಿದರೆ ಇಡೀ ಹೊರರೋಗಿ ವಿಭಾಗವೇ ಬಿಚ್ಚಿಕೊಳ್ಳುತ್ತದೆ. ಚೀಟಿಯ ಸಾಲು, ಬಿಪಿ ನೋಡುವ ಮೇಜು, ವೈದ್ಯರ ಬಾಗಿಲು, ಲ್ಯಾಬಿನ ಕಿಟಕಿ, ವರದಿ ಹಿಡಿದು ಮತ್ತೆ ವೈದ್ಯರ ಬಾಗಿಲು, ಕೊನೆಗೆ ಔಷಧ ಕೌಂಟರು. ಹೊತ್ತು ಎಲ್ಲಿ ಕಳೆಯುತ್ತಿದೆ ಎಂದು ಊಹಿಸಿ ಜಗಳಕ್ಕೆ ನಿಲ್ಲಬೇಡಿ, ಅಳೆಯಿರಿ. ಚೀಟಿಯ ಹಿಂಬದಿಯಲ್ಲಿ ಪ್ರತಿ ಹಂತದಲ್ಲೂ ಗಂಟೆ-ನಿಮಿಷ ಬರೆದುಕೊಡಲು ಹೇಳಿ, ಕೊನೆಗೆ ಔಷಧ ಕೌಂಟರಿನಲ್ಲಿ ಚೀಟಿಯ ಫೋಟೊ ತೆಗೆದುಕೊಂಡರೆ ಸಾಕು. ಊರಿನಲ್ಲಿ ನರ್ಸಿಂಗ್ ಕಾಲೇಜಿದ್ದರೆ ವಿದ್ಯಾರ್ಥಿಗಳು ಇದನ್ನು ಸಂತೋಷದಿಂದ ಮಾಡುತ್ತಾರೆ. ಸೋಮವಾರ ಒಂದು ದಿನ, ಸಂತೆಯ ದಿನ ಒಂದು ದಿನ, ಜನ ಕಡಿಮೆ ಇರುವ ದಿನ ಒಂದು ದಿನ, ಹೀಗೆ ದಿನಕ್ಕೆ ಮೂವತ್ತು ಚೀಟಿ ನೋಡಿ. ಸರಾಸರಿ ತೆಗೆಯಬೇಡಿ. ಬರೀ ಜ್ವರದ ಮಾತ್ರೆಗೆ ಬಂದು ಹತ್ತು ನಿಮಿಷದಲ್ಲಿ ಹೋದವರು ಸರಾಸರಿಯನ್ನು ಕೆಳಗೆ ಎಳೆಯುತ್ತಾರೆ. ಮೂವತ್ತನ್ನೂ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ನಡುವಿನ ರೋಗಿಗೆ ಎಷ್ಟಾಯಿತು, ಕೊನೆಯ ಮೂವರಿಗೆ ಎಷ್ಟಾಯಿತು ಎಂದು ನೋಡಿ. ಆ ಕೊನೆಯ ಮೂವರು ಯಾರು ಎಂದೂ ನೋಡಿ. ನನ್ನ ಅನುಭವದಲ್ಲಿ ಅವರು ಹೆಚ್ಚಾಗಿ ರಕ್ತ ಪರೀಕ್ಷೆಗೆ ಹೋಗಿ ಬಂದ ವಯಸ್ಸಾದವರೇ.

ಏಕೆಂದರೆ ನಮ್ಮ ಹೊರರೋಗಿ ವಿಭಾಗಗಳ ದೊಡ್ಡ ಗಂಟು ಇರುವುದು ಲ್ಯಾಬಿನ ದಾರಿಯಲ್ಲಿ. ರೋಗಿ ಹನ್ನೊಂದಕ್ಕೆ ವೈದ್ಯರನ್ನು ಕಾಣುತ್ತಾರೆ. ಶುಗರ್ ನೋಡಿಸಿಕೊಂಡು ಬನ್ನಿ ಎನ್ನುತ್ತಾರೆ. ಬೆಳಿಗ್ಗೆಯಿಂದ ಹಸಿದಿದ್ದವರು ರಕ್ತ ಕೊಟ್ಟು, ಇಡ್ಲಿ ತಿಂದು, ವರದಿಗೆ ಕಾಯುತ್ತಾರೆ. ವರದಿ ಕೈಗೆ ಬರುವಷ್ಟರಲ್ಲಿ ವೈದ್ಯರು ವಾರ್ಡಿಗೋ ಶಸ್ತ್ರಚಿಕಿತ್ಸೆಗೋ ಶವಪರೀಕ್ಷೆಗೋ ಹೋಗಿರುತ್ತಾರೆ. ‘ನಾಳೆ ಬನ್ನಿ’. ನಾಳೆ ಬಂದರೆ ಮತ್ತೆ ಚೀಟಿಯ ಸಾಲಿನಿಂದಲೇ ಶುರು. ಆಭಾ ಎಂಬ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆಯಿರುವವರು ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ವ್ಯವಸ್ಥೆ 2022ರಿಂದ ಬಂದಿದೆ. ಚೀಟಿಯ ಸಾಲು ಅದರಿಂದ ಕರಗುತ್ತದೆ, ನಿಜ. ಆದರೆ ಮುಂದಿನ ಹಂತಗಳು ಇದ್ದ ಹಾಗೇ ಇದ್ದರೆ ಅದೇ ಜನ ವೈದ್ಯರ ಬಾಗಿಲಲ್ಲಿ ಸೇರುತ್ತಾರೆ. ಗಂಟು ಬಿಡಿಸುವುದು ಹೀಗೆ: ಹಳೆಯ ಸಕ್ಕರೆ ರೋಗಿಗಳ ರಕ್ತವನ್ನು ವೈದ್ಯರನ್ನು ಕಾಣುವ ಮುನ್ನವೇ, ಓಪಿಡಿ ಶುರುವಾಗುವ ಹೊತ್ತಿಗೇ, ನರ್ಸ್ ತೆಗೆಯಬೇಕು. ಗ್ಲುಕೋಮೀಟರ್ ಇದ್ದರೆ ಬಿಪಿ ಮೇಜಿನಲ್ಲೇ ಆಗುತ್ತದೆ. ರೋಗಿ ಬಿಪಿ, ತೂಕ, ಶುಗರ್ ಮೂರನ್ನೂ ಬರೆಸಿಕೊಂಡು ಒಮ್ಮೆ ಮಾತ್ರ ವೈದ್ಯರ ಕೊಠಡಿಗೆ ಹೋಗಬೇಕು.

ಎರಡನೆಯ ಪರಿಹಾರ ಇನ್ನೂ ಸರಳ. ನಿಮ್ಮ ತಾಯಿಗೆ ಹತ್ತು ದಿನಕ್ಕೆ ಮಾತ್ರೆ ಕೊಡುತ್ತಾರೆ ಎಂದಿದ್ದೀರಿ. ಲೆಕ್ಕ ಹಾಕಿ. ಒಬ್ಬ ವೈದ್ಯರು ಐದು ಗಂಟೆ ಓಪಿಡಿಯಲ್ಲಿ ಕುಳಿತು ದಿನಕ್ಕೆ 120 ಜನರನ್ನು ನೋಡುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬರಿಗೆ ಎರಡೂವರೆ ನಿಮಿಷ. ಅವರಲ್ಲಿ 40 ಜನ ಹತ್ತು ದಿನಕ್ಕೊಮ್ಮೆ ಅದೇ ಮಾತ್ರೆಗೆ ಬರುವವರು. ಅವರಿಗೆ ಮೂವತ್ತು ದಿನದ ಮಾತ್ರೆ ಕೊಟ್ಟರೆ ದಿನಕ್ಕೆ 40ರ ಬದಲು 13-14 ಜನ ಬರುತ್ತಾರೆ. ಸಾಲು 93-94ಕ್ಕೆ ಇಳಿಯುತ್ತದೆ, ಒಬ್ಬರಿಗೆ ಮೂರು ನಿಮಿಷಕ್ಕೂ ಮೇಲೆ ಸಿಗುತ್ತದೆ. ಹೊಸ ವೈದ್ಯರಿಲ್ಲ, ಹೊಸ ಕಟ್ಟಡವಿಲ್ಲ, ಒಂದು ಮಾತ್ರೆಯೂ ಹೆಚ್ಚು ಖರ್ಚಾಗಲಿಲ್ಲ. 2017ರ ಕೊನೆಯಲ್ಲಿ ಶುರುವಾದ ಭಾರತದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಕನಿಷ್ಠ ಮೂವತ್ತು ದಿನದ ಮಾತ್ರೆ ಕೊಡುವುದೇ ಪದ್ಧತಿ. 2020ರ ಲಾಕ್‌ಡೌನಿನಲ್ಲಿ ಮೂರು ತಿಂಗಳವರೆಗಿನ ಮಾತ್ರೆ ಕೊಡಲು ಕೇಂದ್ರವೇ ಹೇಳಿತ್ತು. ನಮ್ಮಲ್ಲಿ 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯ ಆಶಯವೂ ಬಿಪಿ-ಶುಗರ್ ತಪಾಸಣೆಯನ್ನು ಮನೆಬಾಗಿಲಿಗೆ ಒಯ್ಯುವುದೇ. ಹೀಗಿರುವಾಗ ಹತ್ತು ದಿನದ ಮಾತ್ರೆ ಏಕೆ? ಸಾಮಾನ್ಯವಾಗಿ ಸಿಗುವ ಉತ್ತರ, ‘ದಾಸ್ತಾನು ಕಡಿಮೆ, ಎಲ್ಲರಿಗೂ ಸಾಲಬೇಕಲ್ಲ’. ತಿಂಗಳಿಗೆ ಬೇಕಾದ ಮಾತ್ರೆಯ ಒಟ್ಟು ಲೆಕ್ಕ ಎರಡೂ ಕ್ರಮದಲ್ಲಿ ಒಂದೇ ಎಂಬುದನ್ನು ಫಾರ್ಮಾಸಿಸ್ಟ್ ಅವರೊಂದಿಗೆ ಕುಳಿತು ಕಾಗದದ ಮೇಲೆ ತೋರಿಸಿ. ಬೇಡಿಕೆ ಪಟ್ಟಿಯನ್ನೇ ಕಡಿಮೆ ಹಾಕಲಾಗಿದ್ದರೆ ಅದೂ ಅಲ್ಲಿಯೇ ಹೊರಬೀಳುತ್ತದೆ.

ಎರಡು ನಿಮಿಷದ ಭೇಟಿ ನಿಮ್ಮ ಊರಿನ ದೋಷ ಮಾತ್ರವಲ್ಲ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಪ್ರಾಥಮಿಕ ಚಿಕಿತ್ಸೆಯ ಭೇಟಿ ಬಾಂಗ್ಲಾದೇಶದಲ್ಲಿ ಸರಾಸರಿ 48 ಸೆಕೆಂಡು, ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ ಇತ್ತು. ನಾವು ಆ ಪಟ್ಟಿಯ ಕೆಳತುದಿಗೆ ಹತ್ತಿರದಲ್ಲಿದ್ದೇವೆ. ಇದನ್ನು ವೈದ್ಯರ ಮೇಲಿನ ದೂರಾಗಿ ಸಭೆಯಲ್ಲಿ ಎತ್ತಬೇಡಿ. ಖಾಲಿ ಹುದ್ದೆಗಳ ನಡುವೆ ಕೆಲಸ ಮಾಡುತ್ತಿರುವವರು ಅವರು. ದೂರಿನ ದನಿ ಕೇಳಿದ ತಕ್ಷಣ ಎದ್ದು ಬಾಗಿಲು ಹಾಕಿಕೊಳ್ಳುತ್ತಾರೆ.

ಔಷಧ ಕೌಂಟರಿನ ಬಗ್ಗೆ ಒಂದಿಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಪರಿಶೀಲಕರೂ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೀವೇ ಒಂದು ಬೆಳಿಗ್ಗೆ ಹೋಗಿ ನಿಲ್ಲಿ. ಗಾಜಿನ ಕಿಂಡಿಯೊಳಗಿನಿಂದ ಕತ್ತರಿಯ ಸದ್ದು ಬರುತ್ತಲೇ ಇರುತ್ತದೆ. ಮಾತ್ರೆಯ ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಿದಾಗ ಹೆಸರು ಒಂದು ತುಂಡಿಗೆ, ಅವಧಿ ಮುಗಿಯುವ ದಿನಾಂಕ ಇನ್ನೊಂದು ತುಂಡಿಗೆ ಹೋಗುತ್ತದೆ. ಲಕೋಟೆಯಿಲ್ಲದೆ ಮೂರು ಬಗೆಯ ಬಿಳಿ ಮಾತ್ರೆಗಳು ಸೆರಗಿಗೆ ಬೀಳುತ್ತವೆ. ‘ಇದು ಬೆಳಿಗ್ಗೆ-ರಾತ್ರಿ, ಇದು ಬೆಳಿಗ್ಗೆ ಮಾತ್ರ, ಇದು ಊಟಕ್ಕೆ ಮೊದಲು’ ಎಂಬ ಮಾತು ಹಿಂದಿನವರ ಗದ್ದಲದಲ್ಲಿ ಕರಗುತ್ತದೆ. ಮೆಟ್ಟಿಲಿಳಿಯುವಾಗ ಅದೇ ಅಜ್ಜಿಯನ್ನು ‘ಯಾವುದನ್ನು ಯಾವಾಗ ತೆಗೆದುಕೊಳ್ಳುತ್ತೀರಿ?’ ಎಂದು ಕೇಳಿ. ಹೀಗೆ ಇಪ್ಪತ್ತು ಜನರನ್ನು ಕೇಳಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲೇ ಔಷಧ ಬಳಕೆಯ ಅಳತೆಗೋಲುಗಳನ್ನು ಕೊಟ್ಟಿದೆ. ಬರೆದದ್ದರಲ್ಲಿ ಎಷ್ಟು ಔಷಧ ನಿಜವಾಗಿ ಸಿಕ್ಕಿತು, ಲಕೋಟೆಯ ಮೇಲೆ ಸರಿಯಾಗಿ ಬರೆದಿತ್ತೇ, ತೆಗೆದುಕೊಳ್ಳುವ ಕ್ರಮ ರೋಗಿಗೆ ಗೊತ್ತಿತ್ತೇ, ಔಷಧ ಕೊಡಲು ಎಷ್ಟು ಸೆಕೆಂಡು ತೆಗೆದುಕೊಂಡರು. ಇವನ್ನು ನೋಡಲು ವೈದ್ಯಕೀಯ ಓದು ಬೇಕಿಲ್ಲ. ಶೇ 88 ತೃಪ್ತಿಗಿಂತ ‘ಇಪ್ಪತ್ತರಲ್ಲಿ ಎಷ್ಟು ಜನ ಸರಿಯಾಗಿ ಹೇಳಿದರು’ ಎಂಬ ಅಂಕಿ ಹೆಚ್ಚು ಜೀವ ಉಳಿಸುತ್ತದೆ ಎಂದು ನಾನು ನಂಬುತ್ತೇನೆ.

ಹಣವೆಲ್ಲಿ ಎಂದು ಕೇಳುವವರಿಗೆ ಒಂದು ಉತ್ತರವಿದೆ. ಪ್ರಮಾಣಪತ್ರ ಪಡೆದ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ವರ್ಷಕ್ಕೆ 10,000 ರೂಪಾಯಿಯಂತೆ ಪ್ರೋತ್ಸಾಹಧನ ಬರುತ್ತದೆ. ನೂರು ಹಾಸಿಗೆಯ ಆಸ್ಪತ್ರೆಗೆ ವರ್ಷಕ್ಕೆ ಹತ್ತು ಲಕ್ಷ. ಅದರಲ್ಲಿ ಕಾಲುಭಾಗ ಸಿಬ್ಬಂದಿಗೆ, ಉಳಿದ ಮುಕ್ಕಾಲು ಕೊರತೆಗಳನ್ನು ತುಂಬಲು. ಔಷಧ ಕೌಂಟರಿನ ಎರಡನೇ ಕಿಂಡಿ, ಬಿಪಿ ಯಂತ್ರ, ಗ್ಲುಕೋಮೀಟರ್ ಪಟ್ಟಿಗಳು, ಸೂರ್ಯ-ಚಂದ್ರರ ಚಿತ್ರವಿರುವ ಔಷಧ ಲಕೋಟೆಗಳು, ಕೂರಲು ಬೆಂಚು ಎಲ್ಲಕ್ಕೂ ಇದು ಧಾರಾಳವಾಗಿ ಸಾಲುತ್ತದೆ. ಕಳೆದ ವರ್ಷದ ಹಣ ಯಾವುದಕ್ಕೆ ಹೋಯಿತು ಎಂದು ಕೇಳುವ ಹಕ್ಕು ಸಮಿತಿಯ ಸದಸ್ಯೆಗೆ ಪೂರ್ತಿಯಾಗಿ ಇದೆ. ಬಣ್ಣ ಬಳಿಯುವುದಕ್ಕೇ ಹೋಗಿದ್ದರೆ ಈ ವರ್ಷ ಹೊರರೋಗಿ ವಿಭಾಗಕ್ಕೆ ಮೀಸಲಿಡಿ ಎಂದು ಠರಾವು ಬರೆಸಿ.

ನಿಮ್ಮ ತಾಯಿಯ ವಿಷಯ ಸಭೆಯವರೆಗೆ ಕಾಯಬೇಕಿಲ್ಲ. ಮುಂದಿನ ಸಲ ಜೊತೆಗೆ ಹೋದಾಗ, ಬಿಪಿ-ಶುಗರ್ ಥರದ ಹರಡದ ಕಾಯಿಲೆಗಳಿಗೆಂದೇ ಇರುವ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಅವರ ಹೆಸರು ನೋಂದಣಿಯಾಗಿದೆಯೇ ನೋಡಿ, ಮೂವತ್ತು ದಿನದ ಮಾತ್ರೆ ಬರೆಯಲು ವೈದ್ಯರನ್ನು ನೇರವಾಗಿ ಕೇಳಿ. ಇನ್ನೂ ಮೂರು ಪ್ರಶ್ನೆಗಳಿವೆ. ಈ ವರ್ಷ ಅವರ ಪಾದವನ್ನು ಯಾರಾದರೂ ಚಪ್ಪಲಿ ಬಿಚ್ಚಿಸಿ ನೋಡಿದ್ದಾರೆಯೇ? ಕಣ್ಣಿನ ಒಳಪರದೆಯ ತಪಾಸಣೆ ಆಗಿದೆಯೇ? ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದ್ದಾರೆಯೇ? ಸಕ್ಕರೆ ಕಾಯಿಲೆಯವರಿಗೆ ಈ ಮೂರೂ ವರ್ಷಕ್ಕೊಮ್ಮೆಯಾದರೂ ಆಗಬೇಕು. ಆಗದಿದ್ದರೆ ಯಾವ ಅಭಿಪ್ರಾಯ ಪತ್ರದಲ್ಲೂ ಅದು ದೂರಾಗಿ ಕಾಣುವುದಿಲ್ಲ, ಏಕೆಂದರೆ ಕಾಲು ಮರಗಟ್ಟಿದ ಮೇಲೆ ಗಾಯದ ನೋವೂ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯರಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಚೀಟಿ ಬರೆಸಿಕೊಳ್ಳಿ. ಕ್ರಿಯಾಟಿನಿನ್‌ಗೆ ರಕ್ತವನ್ನು ಶುಗರ್‌ಗೆ ಕೊಡುವಾಗಲೇ ತೆಗೆಸಿಬಿಡಿ, ಇನ್ನೊಂದು ದಿನದ ಸಾಲು ತಪ್ಪುತ್ತದೆ.